ನೀಲವ್ವನ ಜಪದ ಯಂತ್ರ

ವರದಾ ನದಿಯ ದಂಡೆಗೆ ಒಂದು ಸಣ್ಣ ಮಠ. ಮಠ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ, ನದಿಗೆ ಇಳಿಯುವ ಏಳು ಮೆಟ್ಟಿಲು. ಅಷ್ಟೇ.

ಅಲ್ಲಿ ಒಬ್ಬ ಗುರುಗಳಿದ್ದರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಆ ಕಡೆ ಮಠದ ಹಿರಿಯರನ್ನು ಕರೆಯುವುದೇ ಹಾಗೆ. ವಯಸ್ಸಾದವರು ಎಂದಲ್ಲ, ನಮ್ಮವರು ಎಂಬ ಅರ್ಥದಲ್ಲಿ.

ಶಿಷ್ಯನ ಹೆಸರು ಮಧುಕೇಶ. ಅವನು ಎಂಬೆಡೆಡ್ ಸಾಫ್ಟ್‌ವೇರ್ ಎಂಜಿನಿಯರ್. ಹಾಗೆಂದರೆ ಫೋನಿನ ಪರದೆಯ ಮೇಲೆ ಕಾಣುವಂಥದ್ದನ್ನು ಬರೆಯುವವನಲ್ಲ. ಲಿಫ್ಟು, ವಾಷಿಂಗ್ ಮಷಿನ್, ಹೊಲಕ್ಕೆ ಔಷಧ ಹೊಡೆಯುವ ಪಂಪು, ಇಂಥವುಗಳ ಒಳಗೆ ಉಗುರಿನಷ್ಟು ಅಗಲದ ಒಂದು ಚಿಪ್ ಇರುತ್ತದೆ. ಯಾವಾಗ ಏನು ಮಾಡಬೇಕೆಂದು ಅದಕ್ಕೆ ಹೇಳಿಕೊಡುವವನು. ಕೆಲಸ ಸರಿಯಾಗಿದ್ದರೆ ಅವನೊಬ್ಬ ಇದ್ದಾನೆಂಬುದೇ ಯಾರಿಗೂ ಗೊತ್ತಾಗುವುದಿಲ್ಲ.

ಅವನ ಕಂಪನಿ ಮುಚ್ಚಿ ಹತ್ತು ತಿಂಗಳಾಗಿತ್ತು. ಆಮೇಲೆ ಹನ್ನೊಂದು ಕಡೆ ಅರ್ಜಿ ಹಾಕಿದ್ದ. ಒಂದೂ ಕೈಗೂಡಿರಲಿಲ್ಲ. ಹನ್ನೆರಡನೆಯ ಕಂಪನಿಯವರು ಆ ದಿನ ಸಂಜೆ ನಾಲ್ಕಕ್ಕೆ ಫೋನಿನಲ್ಲೇ ಸಂದರ್ಶನ ಮಾಡುವವರಿದ್ದರು.

ಬೆಳಿಗ್ಗೆ ಅಜ್ಜಾರು ಮೆಟ್ಟಿಲ ಮೇಲೆ ಕುಳಿತಿದ್ದಾಗ ಮಧುಕೇಶ ಬಂದು ಕಾಲಿಗೆ ಬಿದ್ದ.

“ಅಜ್ಜಾರ, ನಾ ಇವತ್ತು ಆ ಫೋನ್ ಎತ್ತಂಗಿಲ್ಲ. ನನಗ ಕಾವಿ ಕೊಡ್ರಿ. ಇಲ್ಲೇ ಇದ್ದುಬಿಡ್ತೀನಿ.”

“ಯಾಕಪಾ?”

“ನನಗ ಆ ಕೆಲಸ ಬರಂಗಿಲ್ರಿ. ಹನ್ನೊಂದು ಮಂದಿ ಹೇಳ್ಯಾರ.”

ಇದನ್ನು ಅವನು ಸಿಟ್ಟಿನಿಂದ ಹೇಳಲಿಲ್ಲ. ದಣಿದಿದ್ದ, ಅದಕ್ಕೆ ಹೇಳಿದ.

“ನೀ ಬಂದು ಮೂರು ತಿಂಗಳಾತು,” ಎಂದರು ಅಜ್ಜಾರು. “ಮಠದ ಗಡಿಯಾರ ಬಿಚ್ಚಿದಿ. ಮಿಕ್ಸರ್ ಬಿಚ್ಚಿದಿ. ಇನ್ವರ್ಟರ್ ಬಿಚ್ಚಿದಿ. ಒಂದು ಪುಸ್ತಕ ಬಿಚ್ಚಲಿಲ್ಲ. ಕಾವಿ ಹಾಕ್ಕೊಂಡು ಏನ್ ಬಿಚ್ಚಾಂವ?”

“ಎಲ್ಲಾ ಮತ್ತ ಜೋಡಿಸೀನ್ರಿ.”

“ಗಡಿಯಾರ?”

“ಅದೊಂದು ಬಾಕಿ ಐತ್ರಿ.”

ಅಷ್ಟರಲ್ಲಿ ನೀಲವ್ವ ಬಂದಳು. ನೀಲವ್ವ ಮಠದ ಅಡುಗೆಯವಳು. ಅವಳ ಬೆರಳಿನ ಗಂಟುಗಳು ಬಿಗಿದುಕೊಂಡು ಜಪಮಣಿ ಎಣಿಸಲು ಆಗುತ್ತಿರಲಿಲ್ಲ. ಅದನ್ನು ನೋಡಿ ಮಧುಕೇಶ ಹಿಂದಿನ ದಿನವಷ್ಟೇ ಅವಳಿಗೊಂದು ಯಂತ್ರ ಮಾಡಿಕೊಟ್ಟಿದ್ದ. ಸೋಪಿನ ಡಬ್ಬಿಯಷ್ಟು ದೊಡ್ಡದು. ಒಂದೇ ಬಟನ್. ಒಂದು ಸಲ ‘ನಮಃ ಶಿವಾಯ’ ಎಂದು ಒಂದು ಸಲ ಒತ್ತಿದರೆ ಅಂಕಿ ಒಂದು ಮೇಲೇರಬೇಕು.

“ಅಜ್ಜಾರ, ನಂದು ಸಾವಿರದ ಎಂಟು ಮುಗೀತ್ರಿ.”

“ಯಾವಾಗ ಕುಂತಿದ್ದಿ?”

“ಈಗ. ಚಹಾಕ್ಕ ಇಟ್ಟು ಕುಂತೆ. ಚಹಾ ಇನ್ನೂ ಕುದ್ದಿಲ್ಲ.”

“ಶಿವಗ ಉಸಿರಾಡಾಕರ ಬಿಟ್ಟಿ ಇಲ್ಲೋ?”

ಮಧುಕೇಶ ಯಂತ್ರವನ್ನು ಇಸಿದುಕೊಂಡು ಸೊನ್ನೆಗೆ ತಂದ. ಒಂದು ಸಲ ಒತ್ತಿದ. ಏಳು ಎಂದು ಬಂತು. ಇನ್ನೊಂದು ಸಲ ಒತ್ತಿದ. ಹನ್ನೆರಡು.

ಅವನ ಮುಖ ಸಣ್ಣದಾಯಿತು.

“ನೋಡ್ರಿ, ಇದೂ ಕೆಟ್ಟೈತಿ. ಆ ಹನ್ನೊಂದು ಮಂದಿ ಸುಳ್ಳು ಹೇಳಿಲ್ರಿ ಅಜ್ಜಾರ.”

“ಅವರು ಇರಲಿ. ಇದು ಯಾಕ ಹಿಂಗಾತು?”

ಮಧುಕೇಶ ಹೇಳತೊಡಗಿದ. ಕೆಲಸದ ಮಾತು ಬಂದ ಕೂಡಲೇ ಅವನ ದನಿ ಬೇರೆಯಾಗುತ್ತಿತ್ತು. ಅವನಿಗೆ ಅದು ಗೊತ್ತಿರಲಿಲ್ಲ, ಅಜ್ಜಾರಿಗೆ ಗೊತ್ತಿತ್ತು.

“ಬಟನ್ ಒಳಗ ಎರಡು ತಗಡು ಇರ್ತಾವ್ರಿ. ಒತ್ತಿದ್ರ ಒಂದಕ್ಕೊಂದು ತಾಗ್ತಾವ. ಆದ್ರ ತಾಗಿದ ಕೂಡ್ಲೆ ಸುಮ್ಮನಾಗಂಗಿಲ್ಲ. ಸ್ಟೀಲ್ ತಾಟು ನೆಲಕ್ಕ ಬಿದ್ರ ಹೆಂಗ ಕುಣೀತೈತಿ, ಹಂಗ ಕುಣೀತಾವ. ನಮ್ಮ ಕಣ್ಣಿಗೆ ಕಾಣಂಗಿಲ್ಲ. ಚಿಪ್ಪಿಗೆ ಕಾಣತೈತಿ. ಅದು ಪ್ರತಿ ಕುಣಿತಾನೂ ಹೊಸದಾಗಿ ಒತ್ತಿದ್ರು ಅಂತ ತಿಳೀತೈತಿ.”

“ಒತ್ತಿದ್ದು ಒಂದ ಸಲ?”

“ಒಂದ ಸಲ ರಿ.”

“ಮತ್ತ ಇದಕ್ಕೇನ್ ಮಾಡೂದು?”

“ಮೊದಲು ತಾಗಿದ್ದನ್ನ ನಂಬಬಾರದ್ರಿ. ತಗಡು ಸುಮ್ಮನಾಗೂತನಕ ಕಾಯಬೇಕು. ಇಪ್ಪತ್ತು ಮಿಲಿಸೆಕೆಂಡು ಸಾಕು, ಕಣ್ಣು ಮಿಟುಕಿಸೂದಕ್ಕಿಂತ ಕಡಿಮಿ. ಆಮ್ಯಾಲ ಇನ್ನೊಮ್ಮೆ ನೋಡಬೇಕು. ಆಗೂ ಒತ್ತಿದಂಗ ಇದ್ರ ಅದನ್ನ ಒಂದು ಅಂತ ಹಿಡೀಬೇಕು.”

“ಇದು ನಿನಗ ಈಗ ಹೊಳೀತೋ?”

“ಇಲ್ರಿ. ನಮ್ಮ ಕೆಲಸದಾಗ ಮೊದಲನೇ ವಾರಕ್ಕ ಕಲಿಯೂದು ಇದನ್ನ. ನಾ ಬರೆಯೂದು ಬಿಟ್ಟೆ. ಹೊಸಾ ಬಟನ್ ಇಟ್ಟು ನೋಡಿದಾಗ ಬರೋಬರಿ ಎಣಿಸ್ತು. ಆಮ್ಯಾಲ ಯವ್ವನ ಬೆರಳಿಗೆ ಮೆತ್ತಗಿರಲಿ ಅಂತ ಹಳೇ ರೇಡಿಯೋದ ಬಟನ್ ಹಾಕಿದೆ. ಹಾಕಿ ಮತ್ತೊಮ್ಮೆ ನೋಡಲಿಲ್ಲ.”

ಅವನು ಲ್ಯಾಪ್‌ಟಾಪ್ ತಂದ. ನಾಲ್ಕು ಸಾಲು ಬರೆದ, ಅವನ್ನು ಯಂತ್ರಕ್ಕೆ ಹಾಕಿದ. ಈಗ ಒಂದು ಸಲ ಒತ್ತಿದರೆ ಒಂದೇ ಆಯಿತು.

ನೀಲವ್ವ ಹತ್ತು ಸಲ ಒತ್ತಿ ನೋಡಿದಳು.

“ಮೊದಲಿನದ ಚಲೋ ಇತ್ತು,” ಎಂದಳು.

“ಯವ್ವಾ, ಅದು ತಪ್ಪು ಎಣಿಸ್ತಿತ್ತು.”

“ತಪ್ಪಾದ್ರೂ ಜಲ್ದಿ ಎಣಿಸ್ತಿತ್ತು.”

ಅವಳು ಚಹಾ ನೋಡಲು ಹೋದಳು. ಅಜ್ಜಾರು ಮಧುಕೇಶನ ಕಡೆ ತಿರುಗಿದರು.

“ಈಗ ಆ ಹನ್ನೊಂದು ಕಾಗದ ಓದು.”

ಕಾಗದ ಎಂದರೆ ಕಾಗದವಲ್ಲ, ಕಂಪನಿಗಳಿಗೆ ಬರೆದ, ಅಲ್ಲಿಂದ ಬಂದ ಇಮೇಲ್. ಅವು ಫೋನಿನಲ್ಲಿದ್ದವು.

“ಮೊದಲನೇದು, ‘ಈ ಹುದ್ದೆಯನ್ನು ಸದ್ಯಕ್ಕೆ ಭರ್ತಿ ಮಾಡುತ್ತಿಲ್ಲ.’”

“ಇದರಾಗ ನಿನ್ನ ಸುದ್ದಿ ಎಲ್ಲೈತಿ?”

“ಇಲ್ರಿ. ಎರಡನೇದು, ಕಾರಿನ ಬ್ರೇಕಿನ ಮ್ಯಾಲ ಐದು ವರ್ಷ ಕೆಲಸ ಮಾಡಿದವರು ಬೇಕಾಗ್ಯಾರ. ನಾ ಮಾಡಿಲ್ಲ.”

“ಮುಂದ?”

“ಮೂರರಿಂದ ಏಳರ ತನಕ ಉತ್ತರ ಬಂದಿಲ್ರಿ.”

“ಬರದ ಉತ್ತರದಾಗ ಏನ್ ಓದಿದಿ?”

ಮಧುಕೇಶ ಪರದೆ ಸರಿಸಿದ. ಎಂಟನೆಯದನ್ನು ಓದಿದ. ಅವರು ಆಫೀಸನ್ನೇ ಬೇರೆ ರಾಜ್ಯಕ್ಕೆ ಒಯ್ದಿದ್ದರು.

ಒಂಬತ್ತನೆಯದನ್ನು ಅವನು ಓದಲಿಲ್ಲ. ಫೋನನ್ನು ಕಿಸೆಯಲ್ಲಿಟ್ಟುಕೊಂಡ.

“ಒಂಬತ್ತು?” ಎಂದರು ಅಜ್ಜಾರು.

“ಅಲ್ಲಿಗೆ ನಾನ ಹೋಗಿದ್ದೆ. ನಿಮ್ಮ ಕೈಯಾಗ ಆದ ಒಂದು ತಪ್ಪು ಹೇಳ್ರಿ ಅಂದ್ರು. ಹಳೇ ಕಂಪನ್ಯಾಗ ನಮ್ಮ ಪಂಪು ಹೊಲದ ನಡುವ ನಿಂತುಬಿಡ್ತಿತ್ತು. ಅದನ್ನ ಹೇಳಿದೆ. ನನ್ನ ಪ್ರೋಗ್ರಾಂ ಬರೋಬರಿ ಇತ್ತು, ಚಿಪ್ ಕೂಡಿಸೂ ಬೋರ್ಡ್ ಮಾಡಿದವರು ತಪ್ಪು ಮಾಡಿದ್ರು ಅಂದೆ. ಎದುರಿಗೆ ಕುಂತಂವ ಇಪ್ಪತ್ತೆರಡು ವರ್ಷ ಬೋರ್ಡ್ ಮಾಡಿದಾಂವ.”

“ಆಮ್ಯಾಲ?”

“ಪೆನ್ನಿನ ಟೋಪಿ ಹಾಕಿಬಿಟ್ಟ.”

“ಖರೇ ಅಂದ್ರ ತಪ್ಪು ಯಾರದಿತ್ತು?”

“ನಂದ ರಿ.”

“ಹತ್ತು, ಹನ್ನೊಂದು?”

“ಅವರು ಕರದಿದ್ರು. ನಾ ಹೋಗಲಿಲ್ಲ.”

ಅಜ್ಜಾರು ಎದ್ದರು. ಮೆಟ್ಟಿಲಿಳಿದು ಸ್ನಾನಕ್ಕೆ ಹೋದರು. ಕಾವಿಯ ಮಾತನ್ನು ಮಧುಕೇಶ ಮತ್ತೆ ಎತ್ತಲಿಲ್ಲ.

ನಾಲ್ಕಕ್ಕೆ ಫೋನ್ ರಿಂಗಾಯಿತು. ಅಜ್ಜಾರು ನೀಲವ್ವನ ಜೊತೆ ಕುಳಿತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಮಧುಕೇಶ ಅವರ ಕಡೆ ನೋಡಿದ. ಅವರು ತಲೆ ಎತ್ತಲಿಲ್ಲ. ಫೋನ್ ಇನ್ನೂ ರಿಂಗಾಗುತ್ತಲೇ ಇತ್ತು. ಇನ್ನೇನು ನಿಲ್ಲಬೇಕು ಎನ್ನುವಾಗ ಅವನು ಎತ್ತಿಕೊಂಡು ನದಿಯ ಕಡೆ ಹೋದ.

ಮಾತಾಡಿದವರು ಭಾರ್ಗವಿ ಎಂಬ ಹಿರಿಯ ಎಂಜಿನಿಯರ್. ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರು. ಅವನಿಗೆ ಹೆಚ್ಚಿನವು ಗೊತ್ತಿದ್ದವು, ಎರಡು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದ. ಕೊನೆಗೆ ಅವರು ಕೇಳಿದರು, “ನಿಮ್ಮ ಕೈಯಿಂದ ಆದ ಒಂದು ತಪ್ಪು ಹೇಳಿ.”

ಬೋರ್ಡಿನ ಉತ್ತರ ಇನ್ನೂ ಅವನ ಬಾಯಿಯಲ್ಲೇ ಇತ್ತು. ಅದನ್ನು ಹೇಳಲಿಲ್ಲ.

“ಇವತ್ತು ಬೆಳಿಗ್ಗೆ ಗೊತ್ತಾದದ್ದೇ ಒಂದಿದೆ ಮೇಡಂ,” ಎಂದ.

ಎಲ್ಲವನ್ನೂ ಹೇಳಿದ. ರೇಡಿಯೋದ ಬಟನ್, ಬರೆಯದೆ ಬಿಟ್ಟ ನಾಲ್ಕು ಸಾಲು, ಇನ್ನೂ ಕುದಿಯದ ಚಹಾ.

“ಈಗ ಸರಿ ಮಾಡಿಕೊಟ್ಟಿದ್ದೀರಲ್ಲ, ಆ ಅಮ್ಮನಿಗೆ ಖುಷಿಯಾಯ್ತಾ?”

“ಇಲ್ಲ ಮೇಡಂ. ಹಳೆಯದೇ ಬೇಕಂತೆ.”

ಭಾರ್ಗವಿ ನಕ್ಕರು. ನಗು ನಿಂತ ಮೇಲೆ, ಸೋಮವಾರ ತಿಳಿಸುತ್ತೇವೆ ಎಂದು ಫೋನ್ ಇಟ್ಟರು.

ಮಧುಕೇಶ ಬಂದು ಸೊಪ್ಪಿನ ಪಕ್ಕ ಕುಳಿತ.

“ಸೋಮವಾರ ಹೇಳ್ತಾರಂತ್ರಿ,” ಎಂದ.

“ನನ್ನ ಹೆಸರು ಹೇಳಿದೇನೋ ತಮ್ಮಾ ಅವರಿಗೆ?” ಎಂದು ನೀಲವ್ವ ಕೇಳಿದಳು.

“ಹೇಳಿದೆ ಯವ್ವಾ.”

“ಜಪಗಳ್ಳಿ ಅಂತ ತಿಳ್ಕೋತಾರ.”

ಅವನಿಗೆ ನಗು ಬಂತು. ಆದರೆ ಪೂರ್ತಿ ಬರಲಿಲ್ಲ.

“ಅಜ್ಜಾರ, ಸೋಮವಾರ ಅವರೂ ಬ್ಯಾಡ ಅಂದ್ರ?”

ಅಜ್ಜಾರು ಸೊಪ್ಪಿನಿಂದ ಒಂದು ಹಣ್ಣೆಲೆ ಆರಿಸಿ ಬದಿಗಿಟ್ಟರು.

“ಅದನ್ನ ಹನ್ನೆರಡು ಅಂತ ಎಣಿಸಬ್ಯಾಡ. ಒಂದ ಸಲ ಬ್ಯಾಡ ಅಂದಂಗಾತು.”