ಬೆಲ್ಲದ ಚೂರಿಗೆ ವಾಲದ ತಕ್ಕಡಿ

ಶಿಷ್ಯೆ ಕೇಳಿದಳು: “ಗುರುಗಳೇ, ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಒಂದಕ್ಕೆ ತೀರ ಸಣ್ಣ ದಶಾಂಶವೊಂದನ್ನು ಕೂಡಿಸಿದೆ. ಉತ್ತರ ಮತ್ತೆ ಒಂದು ಎಂದೇ ಬಂತು. ಕೂಡಿಸಿದ್ದು ಎಲ್ಲಿ ಹೋಯಿತು? ಯಂತ್ರದ ಎಲ್ಲೆಯನ್ನು ತಿಳಿಯುವುದು ಹೇಗೆ?”

ಗುರುಗಳು ಕತೆ ಹೇಳಿದರು.

ಒಬ್ಬ ತಾಯಿ ಪ್ರತಿ ಸಂತೆಗೂ ತನ್ನ ಕೂಸನ್ನು ಬೆಲ್ಲದ ವ್ಯಾಪಾರಿಯ ಬಳಿ ತೂಗಿಸುತ್ತಿದ್ದಳು. ಕೂಸನ್ನು ಒಂಟಿಯಾಗಿ ತೂಗಬಾರದೆಂದು ಆ ಊರಿನ ನಂಬಿಕೆ. ಅದಕ್ಕೆ ಮೂಟೆ ತೂಗುವ ದೊಡ್ಡ ತಕ್ಕಡಿಯಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ತಾನೂ ಕೂರುತ್ತಿದ್ದಳು. ತೂಕ ಏರಲೇ ಇಲ್ಲ. ಅತ್ತೆ ಹೇಳಿಬಿಟ್ಟಳು: “ನಿನ್ನ ಹಾಲು ಹತ್ತುತ್ತಿಲ್ಲ. ಮುಂದಿನ ಸಂತೆಗೂ ಹೀಗೇ ಆದರೆ ಕೂಸನ್ನು ನಿನ್ನ ಅಕ್ಕನ ಮಡಿಲಿಗೆ ಹಾಕುತ್ತೇನೆ.”

ಆ ಸಂತೆಯಲ್ಲೂ ಹಿಂದಿನ ತೂಕದ ಕಲ್ಲುಗಳೆದುರು ತಕ್ಕಡಿಯ ದಂಡಿಗೆ ಅಲುಗಲಿಲ್ಲ. ತಾಯಿ ಅತ್ತಳು. ವ್ಯಾಪಾರಿ ಅವಳಿದ್ದ ತಟ್ಟೆಗೇ ಒಂದು ಬೆಲ್ಲದುಂಡೆ ಇಟ್ಟ.

“ಬೆಲ್ಲ ಯಾರಿಗಣ್ಣ?”

“ತಕ್ಕಡಿಗೆ, ತಾಯಿ. ಇದರ ನಾಲಿಗೆ ಎಷ್ಟು ಮೊಂಡಾಗಿದೆ ನೋಡೋಣ.”

ತಟ್ಟೆ ಇಳಿಯಿತು. ಉಂಡೆ ತೆಗೆದು ಅರ್ಧ ಮಾಡಿ ಇಟ್ಟ, ಇಳಿಯಿತು. ಅದನ್ನೂ ಅರ್ಧ ಮಾಡಿದ. ಹೀಗೆ ಮಾಡುತ್ತ ಹೋದಂತೆ ಒಂದು ಚೂರಿಗೆ ತಟ್ಟೆ ಇಳಿಯಲೇ ಇಲ್ಲ. ಆಗ ತಾಯಿಯನ್ನು ಇಳಿಸಿ, ಕಲ್ಲುಗಳನ್ನೆಲ್ಲ ತೆಗೆದು, ಅದೇ ಚೂರನ್ನು ಬರಿಯ ತಟ್ಟೆಗೆ ಹಾಕಿದ. ಥಟ್ಟನೆ ಇಳಿಯಿತು.

“ನಿನ್ನ ಭಾರ ಹೊತ್ತಾಗ ಇದಕ್ಕೆ ಇಷ್ಟು ಸಣ್ಣದು ತಿಳಿಯುವುದಿಲ್ಲ. ಹಗುರವಿದ್ದಾಗ ತಿಳಿಯುತ್ತದೆ. ಕೂಸನ್ನೊಂದನ್ನೇ ಮಲಗಿಸು.”

“ದೃಷ್ಟಿ ತಾಗೀತು.”

“ತಾಗಿದರೆ ನನ್ನ ತಕ್ಕಡಿಗೇ ತಾಗಲಿ. ಹೇಗೂ ಇದರ ಕಣ್ಣು ಮಂಜು!”

ತಾಯಿ ಅಳುವಿನ ನಡುವೆಯೇ ನಕ್ಕಳು. ಕೂಸಿನ ಕೆನ್ನೆಗೆ ಕಪ್ಪು ಬೊಟ್ಟಿಟ್ಟು ತಟ್ಟೆಯಲ್ಲಿ ಮಲಗಿಸಿದಳು. ವ್ಯಾಪಾರಿ ಅದರ ತೂಕಕ್ಕೆ ಸರಿಯಾದ ಕಲ್ಲುಗಳನ್ನು ಬೇರೆ ತೆಗೆದಿಟ್ಟ. “ಇನ್ನೊಂದು ಸಂತೆ ತಡೆಯಿರಿ” ಎಂದು ಅತ್ತೆಗೆ ಹೇಳಿಕಳಿಸಿದ.

ಮರುಸಂತೆಯಲ್ಲಿ ಅದೇ ಕಲ್ಲುಗಳಿಗೆದುರಾಗಿ ಕೂಸಿನ ತಟ್ಟೆ ಕೆಳಗಿಳಿಯಿತು. ಅತ್ತೆಯೇ ಬಂದು ನಿಂತು ನೋಡಿದಳು. ಕೂಸನ್ನೆತ್ತಿ ಸೊಸೆಯ ಮಡಿಲಿಗೆ ಕೊಟ್ಟಳು.

ಕತೆ ಮುಗಿಯಿತು. ಶಿಷ್ಯೆಗೆ ಸಮಾಧಾನವಾಗಲಿಲ್ಲ.

“ಅರ್ಧ ಅರ್ಧ ಮಾಡುತ್ತ ಎಲ್ಲೆ ಕಂಡುಕೊಳ್ಳುವುದು ತಿಳಿಯಿತು, ಗುರುಗಳೇ. ಆದರೆ ಅದಕ್ಕೂ ಹಿಂದಿನ ಸಂತೆಗಳಲ್ಲಿ ಕೂಸು ಬೆಳೆದದ್ದು ಲೆಕ್ಕಕ್ಕೇ ಬರಲಿಲ್ಲವಲ್ಲ?”

ಗುರುಗಳೆಂದರು: “ತಕ್ಕಡಿ ಲೆಕ್ಕದಿಂದ ಬಿಟ್ಟದ್ದನ್ನು ಕೂಸಿನ ಮೈ ಬಿಟ್ಟಿತ್ತೇ, ಮಗೂ?”