ಬೆವರುವ ಗೋಡೆ, ಲೊಚಗುಟ್ಟುವ ಹಲ್ಲಿ

ಹತ್ತಿರ ಬನ್ನಿ, ಇನ್ನೂ ಹತ್ತಿರ. ಈ ಕಥೆಯಲ್ಲಿ ಒಂದು ಸಣ್ಣ ಸದ್ದು ಬರುತ್ತದೆ. ಅದು ಕಿವಿಗೆ ಬೀಳದೆ ಹೋದರೆ ಇಡೀ ಕಥೆಯೇ ಕೈತಪ್ಪಿ ಹೋಗುತ್ತದೆ.

ಕಡಲು ಮುಗಿದು ನೆಲ ಶುರುವಾಗುವ ಕಡೆ ತೆರೆಯೂರು ಅಂತ ಒಂದು ರಾಜ್ಯವಿತ್ತು. ಅಲ್ಲಿ ಬೊಮ್ಮರಸ ಅಂತ ಒಬ್ಬ ರಾಜನಿದ್ದ. ಒಳ್ಳೆಯವನೇ. ಆದರೆ ಹೊಳೆಯುವುದೆಲ್ಲ ಅವನಿಗೆ ಬೇಕು. ಹೊಳೆಯುವ ಕಿರೀಟ ಬೇಕು, ಹೊಳೆಯುವ ತಂಬಿಗೆ ಬೇಕು, ಊಟಕ್ಕೆ ಮೀನು ತಂದರೂ ಹೊಳೆಯುವ ಮೀನೇ ಬೇಕು.

ತೆರೆಯೂರಿನ ಮನೆಗಳದ್ದೆಲ್ಲ ಕೆಮ್ಮಣ್ಣಿನ ಗೋಡೆ. ಕಡಲ ಕಡೆಯಿಂದ ಮಳೆ ಅಡ್ಡಡ್ಡ ಬಂದು ಬಡಿಯುತ್ತಿತ್ತು. ಅದಕ್ಕೇ ಮಳೆಗಾಲಕ್ಕೆ ಮುಂಚೆ ಊರವರೆಲ್ಲ ಪಡುವಣ ಗೋಡೆಗೆ ತೆಂಗಿನ ಗರಿ ಹೆಣೆದ ತಟ್ಟಿ ಕಟ್ಟುತ್ತಿದ್ದರು. ಗೋಡೆಗೆ ಅಂಟಿಸಿ ಅಲ್ಲ, ಒಂದು ಗೇಣು ದೂರ ಬಿಟ್ಟು. ಯಾಕೆ ಆ ಗೇಣು ಅಂತ ಯಾರೂ ಕೇಳಿದವರಿಲ್ಲ. ಅಜ್ಜಿಯಂದಿರು ಬಿಟ್ಟಿದ್ದರು, ಇವರೂ ಬಿಟ್ಟರು. ಆ ಸಂದಿಯಲ್ಲಿ ಗಾಳಿ ಸುಳಿದಾಡುತ್ತಿತ್ತು, ಹಲ್ಲಿಗಳು ಬೆಚ್ಚಗೆ ಸಂಸಾರ ಮಾಡುತ್ತಿದ್ದವು.

ಹಲ್ಲಿಗೆ ಆ ರಾಜ್ಯದಲ್ಲಿ ಭಾರೀ ಮರ್ಯಾದೆ. ಯಾರಾದರೂ ಮಾತಾಡುವಾಗ ಗೋಡೆಯ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯ ಅಂತ ನಮ್ಮ ನಿಮ್ಮ ಮನೆಗಳಲ್ಲೂ ಹೇಳುವುದುಂಟಲ್ಲ? ತೆರೆಯೂರಿನಲ್ಲಿ ಅದೇ ಕಾನೂನು. ಸಭೆಯಲ್ಲಿ ಮಾತು ಮುಗಿದ ಮೇಲೆ ರಾಜ ಕಿವಿಗೊಟ್ಟು ಕಾಯುತ್ತಿದ್ದ. ಲೊಚ್ ಲೊಚ್ ಅಂತ ಕೇಳಿಸಿದರೆ ಆಯಿತು, ಅಪ್ಪಣೆ ಹೊರಟಿತು.

ಹೀಗಿರುವಾಗ ಒಂದು ದಿನ ಆಸ್ಥಾನಕ್ಕೆ ನುಣ್ಣಯ್ಯ ಬಂದ. ಮಾತು ನುಣುಪು, ಮೀಸೆ ನುಣುಪು, ಕೈಯಲ್ಲಿ ಒಂದು ಹಂಡೆ. ಅರಗನ್ನೂ ಹೊನ್ನೆ ಎಣ್ಣೆಯನ್ನೂ ಕಾಯಿಸಿ ಮಾಡಿದ ಲೇಪ ಅದರಲ್ಲಿ ಫಳಫಳ ಅನ್ನುತ್ತಿತ್ತು.

"ಮಹಾಪ್ರಭು, ನಿಮ್ಮ ಊರು ಹರಕು ತಟ್ಟಿ ಹೊದ್ದುಕೊಂಡು ಕೂತಿದೆ. ನೋಡಿದವರು ನಗುತ್ತಾರೆ. ತಟ್ಟಿ ಕಿತ್ತೆಸೆಯಿರಿ, ನನ್ನ ಲೇಪ ಬಳಿಯಿರಿ. ಒಳಗೂ ಬಳಿಯಿರಿ, ಹೊರಗೂ ಬಳಿಯಿರಿ. ಗೋಡೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಒಂದು ಹನಿ ಮಳೆ ಒಳಗೆ ಬಂದರೆ ಕೇಳಿ."

ರಾಜ ಕಿವಿಗೊಟ್ಟ.

ಲೊಚ್ ಲೊಚ್!

ಸಿಂಹಾಸನದಿಂದ ನೆಗೆದೇಬಿಟ್ಟ ರಾಜ. ಮೊದಲು ಅರಮನೆಗೆ ಬಳಿದರು, ಆಮೇಲೆ ಕೇರಿ ಕೇರಿಗೆ. ಡಂಗುರವೂ ಹೊರಟಿತು: ತಟ್ಟಿ ಇಟ್ಟುಕೊಂಡವರ ಮನೆ ನೆಲಸಮ. ಲೇಪಕ್ಕೆ ಪ್ರತಿ ಮನೆಯವರೂ ನುಣ್ಣಯ್ಯನಿಗೆ ಅಕ್ಕಿ ಅಳೆಯಬೇಕು. ಊರೇ ಮಿರಮಿರ ಮಿಂಚಿತು. ಬಿಸಿಲಿಗೆ ಕಣ್ಣು ಕೋರೈಸಿ ಎಮ್ಮೆಗಳು ದಾರಿ ತಪ್ಪಿದವು ಅಂದರೆ ನೀವೇ ಲೆಕ್ಕ ಹಾಕಿ.

ಮಳೆಗಾಲ ಬಂತು. ಧೋ ಅಂತ ಸುರಿಯಿತು. ನುಣ್ಣಯ್ಯ ಹೇಳಿದ್ದು ನಿಜವೇ ಆಯಿತು, ಹೊರಗಿನ ಮಳೆ ಒಂದು ಹನಿಯೂ ಒಳಗೆ ಬರಲಿಲ್ಲ. ಊರವರು ಕುಣಿದರು. ಆದರೆ ಕುಣಿತ ಹೆಚ್ಚು ದಿನ ನಡೆಯಲಿಲ್ಲ.

ಮೊದಲು ನೇಕಾರ ದೇವು ಓಡಿಬಂದ. "ಒಡೆಯಾ, ನನ್ನ ಮನೆ ಗೋಡೆ ಒಳಗಡೆಯಿಂದ ಬೆವರುತ್ತಿದೆ. ಮಗ್ಗದ ನೂಲೆಲ್ಲ ಒದ್ದೆ."

ನುಣ್ಣಯ್ಯ ನಕ್ಕ. "ಹೆಂಡತಿ ನೀರು ಚೆಲ್ಲಿರಬೇಕು ಪ್ರಭು."

ಲೊಚ್ ಲೊಚ್. ರಾಜ ದೇವುವನ್ನು ಗದರಿಸಿ ಕಳಿಸಿದ.

ಆಮೇಲೆ ಚೆಂಡೆಯ ಬಾಬಣ್ಣ ಬಂದ. "ಒಡೆಯಾ, ಗೋಡೆಗೆ ನೇತುಹಾಕಿದ ಚೆಂಡೆಗೆ ಬೂಸಲು ಹಿಡಿದಿದೆ. ಬಡಿದರೆ ಸದ್ದೇ ಇಲ್ಲ."

"ಬಡಿಯಲು ಬಾರದವನಿಗೆ ಚೆಂಡೆ ಓರೆ ಪ್ರಭು."

ಲೊಚ್ ಲೊಚ್. ಬಾಬಣ್ಣನಿಗೂ ಅದೇ ಗತಿ.

ಮೂರನೆಯವಳು ಮುದುಕಿ ಸಂಕು, ಅಳುತ್ತಾ ಬಂದಳು. "ಗೋಡೆ ಉಬ್ಬಿತು ಮಗಾ, ಉಬ್ಬಿ ಉಬ್ಬಿ ಕುಸಿದೇಬಿಟ್ಟಿತು. ಒಳಗೆಲ್ಲ ಕೆಸರು. ಲೇಪ ಮಾತ್ರ ಚರ್ಮದ ಹಾಗೆ ಮೇಲೆ ನೇತಾಡುತ್ತಿದೆ."

"ಅಜ್ಜಿ ಒರಗಿ ಕೂತಿರಬೇಕು ಪ್ರಭು."

ಲೊಚ್ ಲೊಚ್. ಅಜ್ಜಿಯ ಮೈಯಲ್ಲಿ ಇದ್ದದ್ದು ಎರಡು ಹಿಡಿ ಎಲುಬು. ಅವಳು ಒರಗಿದರೆ ಬಾಳೆಗಿಡವೂ ಬಾಗುವುದಿಲ್ಲ. ರಾಜ ಅದನ್ನೂ ಯೋಚಿಸಲಿಲ್ಲ ನೋಡಿ! ನನಗೆ ಈ ಜಾಗಕ್ಕೆ ಬಂದಾಗಲೆಲ್ಲ ಸಿಟ್ಟು ಬರುತ್ತದೆ.

ಊರ ಕೊನೆಯಲ್ಲಿ ದುಗ್ಗಕ್ಕ ಅಂತ ಒಬ್ಬಳಿದ್ದಳು, ತಟ್ಟಿ ಹೆಣೆಯುವವಳು. ಬಾಯಿ ಜೋರು, ಬುದ್ಧಿ ಅದಕ್ಕಿಂತ ಜೋರು. ಇಡೀ ಊರಿನಲ್ಲಿ ಅವಳ ಮನೆಗೆ ಮಾತ್ರ ತಟ್ಟಿ ಉಳಿದಿತ್ತು. ಯಾಕೆಂದರೆ ಲೇಪದವರು ಊರ ಕೊನೆ ಮುಟ್ಟುವ ಹೊತ್ತಿಗೆ ಮಗಳು ಗುಲಾಬಿ ಹೆತ್ತಿದ್ದಳು, ಪುರುಡಿನ ಮನೆಗೆ ರಾಜನ ಆಳುಗಳೂ ಕಾಲಿಡುವ ಹಾಗಿಲ್ಲ. ಪುರುಡು ಕಳೆದದ್ದೇ ತಡ, ಆಳುಗಳು ಹಾರೆ ಹಿಡಿದು ಬಂದು ನಿಂತರು. ಬೆನ್ನ ಹಿಂದೆ ಲೇಪದ ಹಂಡೆ.

"ತಟ್ಟಿ ಬಿಚ್ಚುತ್ತೀಯೋ, ಮನೆ ಬೀಳಿಸಬೇಕೋ?"

ಗುಲಾಬಿ ಕೂಸನ್ನು ಎದೆಗೆ ಒತ್ತಿಕೊಂಡಳು. "ಅಮ್ಮಾ, ಲೇಪ ಬಳಿದ ಮನೆಗಳ ಮಕ್ಕಳೆಲ್ಲ ಗೊರ ಗೊರ ಕೆಮ್ಮುತ್ತಿವೆಯಂತೆ. ಈ ಹಸಿಗೂಸು ತಡೆಯುತ್ತದಾ?"

ದುಗ್ಗಕ್ಕ ಲೆಕ್ಕ ಹಾಕಿದಳು. ಬಳಿದರೆ ಮೊಮ್ಮಗು ಉಳಿಯುವುದಿಲ್ಲ. ಬಳಿಯದಿದ್ದರೆ ಮಳೆಯಲ್ಲಿ ಬಾಣಂತಿ ಬೀದಿಪಾಲು. ಅವಳು ತಟ್ಟಿಯ ಸಂದಿ ನೋಡಿದಳು. ಅಬ್ಬಾ, ಎಷ್ಟು ಹಲ್ಲಿಗಳು! ಹಿಂದಿನ ವರ್ಷ ನಾಲ್ಕಾರು ಇದ್ದವು, ಈಗ ಗೋಡೆ ತುಂಬ. ಊರಿನ ಹಲ್ಲಿಗಳೆಲ್ಲ ಗುಳೆ ಎದ್ದು ಇಲ್ಲಿಗೇ ಬಂದಿದ್ದವು. ದುಗ್ಗಕ್ಕನಿಗೆ ಏನೋ ಹೊಳೆಯಿತು. ಸೆರಗು ಸಿಕ್ಕಿಸಿಕೊಂಡಳು.

"ನಾನು ಅರಮನೆಗೆ ಹೋಗಿ ಬರುವವರೆಗೆ ಒಂದು ಗರಿ ಮುಟ್ಟಬೇಡಿ. ಮುಟ್ಟಿದರೆ ಜಾಗ್ರತೆ." ಆಳುಗಳು ಹಾರೆ ಕೆಳಗಿಟ್ಟರು. ಅವಳ ಬಾಯಿ ಅವರಿಗೆ ಗೊತ್ತಿತ್ತು.

ಆಸ್ಥಾನದಲ್ಲಿ ಊದುಬತ್ತಿಯ ಹೊಗೆ. ಬೂಸಲಿನ ವಾಸನೆ ಮುಚ್ಚಲು ಅಷ್ಟು ಹಚ್ಚಿದ್ದರು. ದುಗ್ಗಕ್ಕ ಗೋಡೆಗಳನ್ನೆಲ್ಲ ಒಮ್ಮೆ ಕಣ್ಣಲ್ಲೇ ಸವರಿದಳು. ಆಮೇಲೆ ಕೈಮುಗಿದು, ದೂರು ಹೇಳಲಿಲ್ಲ, ಹೊಗಳಿದಳು.

"ಒಡೆಯಾ, ನುಣ್ಣಯ್ಯನವರಂಥ ದೊಡ್ಡ ಮನುಷ್ಯರಿಗೆ ಇನ್ನೂ ಒಂದು ಸನ್ಮಾನ ಆಗಲಿಲ್ಲವಲ್ಲ. ಅವರದ್ದೇ ಲೇಪ ಬಳಿದ ಒಂದು ನಿಲುವಂಗಿ ಹೊಲಿಸಿ ತೊಡಿಸಿ. ಊರಿಡೀ ಮೆರವಣಿಗೆ ಮಾಡಿಸಿ. ಹೊಳೆಯುವ ಊರಿನಲ್ಲಿ ಹೊಳೆಯುವ ಮನುಷ್ಯ."

"ಹೊಳೆಯುವ ಮನುಷ್ಯ!" ರಾಜ ಚಪ್ಪಾಳೆ ತಟ್ಟಿದ. "ಎಂಥಾ ಮಾತು ಹೇಳಿದೆ ಮಾರಾಯ್ತಿ. ಈಗಲೇ ಆಗಲಿ."

ನುಣ್ಣಯ್ಯನ ಮುಖ ಹುಳ್ಳಗಾಯಿತು. ಆದರೆ ಬೇಡ ಅನ್ನುವುದು ಹೇಗೆ? ನಿಲುವಂಗಿ ಬಂತು. ಕತ್ತಿನಿಂದ ಕಾಲಿನವರೆಗೆ ಲೇಪ, ಒಂದು ಸೂಜಿ ತೂತೂ ಇಲ್ಲ. ಅವತ್ತು ಮಳೆ ನಿಂತು ಹೊಳವಾಗಿತ್ತು. ಬಿಸಿಲು ಚುರುಚುರು. ಮೆರವಣಿಗೆ ಮೊದಲು ಮೀನುಪೇಟೆ ದಾಟಿತು, ನುಣ್ಣಯ್ಯ ಉಸ್ಸಪ್ಪಾ ಅಂದ. ನೇಕಾರಕೇರಿ ದಾಟಿತು, ನುಣ್ಣಯ್ಯ ಅಯ್ಯಯ್ಯೋ ಅಂದ. ಕೋಟೆ ಸುತ್ತಿ ಅರಮನೆಗೆ ಬರುವಾಗ ಏನೂ ಅನ್ನಲಿಲ್ಲ, ಸುಮ್ಮನೆ ಬಾಯಿ ಬಿಡುತ್ತಿದ್ದ.

"ಇನ್ನು ಅಂಗಿ ಬಿಚ್ಚಿಸಿ ಒಡೆಯಾ," ಅಂದಳು ದುಗ್ಗಕ್ಕ.

ಬಿಚ್ಚಿದರು. ಒಳಗಿನ ಪಂಚೆ ತೊಪ್ಪೆ. ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ರಾಜನಿಗೆ ಆಶ್ಚರ್ಯ. "ಇದೆಂತದು ಮಾರಾಯಾ? ಮಳೆಯೇ ಬರಲಿಲ್ಲ. ಬಂದಿದ್ದರೂ ಒಳಗೆ ಇಳಿಯುತ್ತಿರಲಿಲ್ಲ. ನೀನು ಒದ್ದೆಯಾದದ್ದು ಹೇಗೆ?"

ನುಣ್ಣಯ್ಯನಿಗೆ ಸಾಕಾಗಿಹೋಗಿತ್ತು. ಯೋಚಿಸದೆ ಬಾಯಿಬಿಟ್ಟ. "ನನ್ನದೇ ಬೆವರು ಪ್ರಭು. ಹೊರಗೆ ಹೋಗಲು ದಾರಿಯೇ ಇರಲಿಲ್ಲ."

"ಕೇಳಿದಿರಾ?" ದುಗ್ಗಕ್ಕ ಮುಂದೆ ಬಂದಳು. "ಗೋಡೆಗೂ ಬೆವರು ಇದೆ ಒಡೆಯಾ. ಅನ್ನ ಬೇಯುವ ಹಬೆ, ಒದ್ದೆ ಬಟ್ಟೆಯ ಪಸೆ, ಮಲಗಿದವರ ಉಸಿರು, ನೆಲದಿಂದ ಏರುವ ತೇವ, ಎಲ್ಲ ಗೋಡೆಯೊಳಗೆ ಸೇರುತ್ತದೆ. ನಮ್ಮ ತಟ್ಟಿ ಮಳೆಯನ್ನು ಹೊರಗೇ ತಡೆಯುತ್ತಿತ್ತು. ನಡುವಿನ ಗೇಣು ಜಾಗದ ಗಾಳಿ ಒಳಗಿನ ತೇವವನ್ನು ಒಯ್ಯುತ್ತಿತ್ತು. ಇವರು ಬರುವ ಬಾಗಿಲನ್ನೂ ಮುಚ್ಚಿದರು, ಹೋಗುವ ಬಾಗಿಲನ್ನೂ ಮುಚ್ಚಿದರು."

"ಸುಳ್ಳು!" ನುಣ್ಣಯ್ಯ ಎಚ್ಚೆತ್ತ. "ನನ್ನ ಲೇಪದಲ್ಲಿ ಏನೂ ದೋಷವಿಲ್ಲ ಪ್ರಭು."

ಲೊಚ್ ಲೊಚ್.

ರಾಜ ತಲೆ ಕೆರೆದುಕೊಂಡ. "ಹಲ್ಲಿ ಹೌದು ಅನ್ನುತ್ತಿದೆಯಲ್ಲ ದುಗ್ಗಕ್ಕ."

"ಎಲ್ಲಿದೆ ಒಡೆಯಾ ಹಲ್ಲಿ? ಈ ನುಣುಪು ಗೋಡೆಯಲ್ಲಿ ಸಂದಿಯಿಲ್ಲ, ಹುಳವಿಲ್ಲ. ನಿಮ್ಮ ಊರಿನ ಹಲ್ಲಿಗಳೆಲ್ಲ ನನ್ನ ಮನೆಯ ತಟ್ಟಿಯಲ್ಲಿವೆ. ಇಲ್ಲಿ ಒಂದು ತೋರಿಸಿದರೆ ನನ್ನ ಮನೆಗೆ ನಾನೇ ಹಾರೆ ಹಾಕುತ್ತೇನೆ."

ಸಭೆಗೆ ಸಭೆಯೇ ಎದ್ದು ಹುಡುಕಿತು. ಕಂಬದ ಹಿಂದೆ ಹುಡುಕಿದರು, ತೊಲೆಯ ಮೇಲೆ ಹುಡುಕಿದರು, ಸಿಂಹಾಸನದ ಅಡಿಯಲ್ಲಿ ರಾಜನೇ ತೂರಿ ಹುಡುಕಿದ. ಹಲ್ಲಿ ಇಲ್ಲ, ಹಲ್ಲಿಯ ಬಾಲವೂ ಇಲ್ಲ. ಎದ್ದು ಬಂದ ರಾಜ ನುಣ್ಣಯ್ಯನನ್ನು ದಿಟ್ಟಿಸಿ ನೋಡಿದ. ಅಡುಗೆಮನೆಯಿಂದ ದಪ್ಪ ಕಡುಬು ತರಿಸಿದ, ನುಣ್ಣಯ್ಯನ ಬಾಯಿಗೆ ತುರುಕಿಸಿದ, ಕೆನ್ನೆ ಉಬ್ಬುವಷ್ಟು.

ಆಮೇಲೆ ತಾನೇ ಹೇಳಿದ. "ನುಣ್ಣಯ್ಯನ ಲೇಪ ಒಳ್ಳೆಯದು."

ಸದ್ದಿಲ್ಲ.

"ನುಣ್ಣಯ್ಯನ ಲೇಪ ಬಹಳ ಒಳ್ಳೆಯದು."

ಸದ್ದಿಲ್ಲ.

"ನುಣ್ಣಯ್ಯನ ಲೇಪದಂಥ ಲೇಪ ಲೋಕದಲ್ಲೇ ಇಲ್ಲ."

ಎಲ್ಲಿಯ ಸದ್ದು! ಕಡುಬಿನ ಹಿಂದೆ ನಾಲಿಗೆ ಅಲುಗಾಡಿದರೆ ತಾನೆ? ಇಷ್ಟು ದಿನ ಲೊಚಗುಟ್ಟಿದ್ದು ಯಾರು ಅಂತ ಎಲ್ಲರಿಗೂ ಗೊತ್ತಾಯಿತು. ಮೆರವಣಿಗೆಯ ಹಿಂದೆಯೇ ಬಂದಿದ್ದ ನೇಕಾರ ದೇವು ನಕ್ಕ, ಬಾಬಣ್ಣ ನಕ್ಕ, ಸಂಕಜ್ಜಿ ಬಿದ್ದು ಬಿದ್ದು ನಕ್ಕಳು.

ರಾಜನಿಗೆ ಮಾತ್ರ ನಗು ಬರಲಿಲ್ಲ. ನಾಚಿಕೆಯಾಗಿತ್ತು. "ದುಗ್ಗಕ್ಕ, ನಿನ್ನ ಮನೆಯ ಒಂದು ಗರಿಯನ್ನೂ ಯಾರೂ ಮುಟ್ಟುವುದಿಲ್ಲ. ಊರಿಗೆಲ್ಲ ತಟ್ಟಿ ಕಟ್ಟುವ ಕೆಲಸ ನಿನ್ನ ಕಣ್ಣೆದುರಿಗೇ ಆಗಲಿ. ಇವನು ಅಳೆಸಿಕೊಂಡ ಅಕ್ಕಿ ಸಂಕಜ್ಜಿಯ ಗೋಡೆ ಎಬ್ಬಿಸುವವರ ಊಟಕ್ಕೆ ಹೋಗಲಿ. ಲೇಪವನ್ನು ಇವನೇ ಕೆರೆದು ತೆಗೆಯಲಿ, ಮನೆ ಮನೆಗೂ ಹೋಗಿ."

ನುಣ್ಣಯ್ಯ ಕೆರೆದ. ಬಿಸಿಲಲ್ಲಿ ಕೆರೆದ, ಮಳೆಯಲ್ಲಿ ಕೆರೆದ, ಮಕ್ಕಳು ಸುತ್ತ ನಿಂತು ಲೊಚ್ ಲೊಚ್ ಅನ್ನುತ್ತಿದ್ದರೂ ಕೆರೆದ. ಕೆರೆದ ಕಡೆಯಲ್ಲೆಲ್ಲ ಗೋಡೆ ಮೆಲ್ಲಮೆಲ್ಲಗೆ ಒಣಗಿತು. ಮಕ್ಕಳ ಕೆಮ್ಮು ನಿಂತಿತು. ಬಾಬಣ್ಣನ ಚೆಂಡೆಗೆ ಸದ್ದು ಬಂತು. ಗುಲಾಬಿಯ ಕೂಸು ಬೆಚ್ಚನೆ ಒಣ ಮನೆಯಲ್ಲಿ ಕಾಲು ಬಡಿಯುತ್ತಾ ಬೆಳೆಯಿತು.

ಕೊನೆಗೆ ಅರಮನೆಯ ಗೋಡೆಯೂ ಒಣಗಿ ಕೆಂಪಗಾಯಿತು. ಅದರಲ್ಲಿ ಹೊಳಪು ಚೂರೂ ಇರಲಿಲ್ಲ. ರಾಜ ಅದಕ್ಕೆ ಅಂಗೈ ಇಟ್ಟು ನೋಡಿ ಸಭೆಗೆಲ್ಲ ಕೇಳುವ ಹಾಗೆ ಹೇಳಿದ. "ಜನ ಬಂದು ಹೇಳಿದರು, ನಾನು ಬಾಯಿ ಮುಚ್ಚಿಸಿದೆ. ನನ್ನಂಥ ದಡ್ಡ ಈ ರಾಜ್ಯದಲ್ಲೇ ಇಲ್ಲ."

ಆಗ ಎಲ್ಲಿಂದಲೋ ಮರಳಿ ಬಂದಿದ್ದ ಒಂದು ಪುಟ್ಟ ಹಲ್ಲಿ, ನಿಜವಾದ ಹಲ್ಲಿ, ಸಿಂಹಾಸನದ ಮೇಲಿನ ಗೋಡೆಯಿಂದ ಅಂದಿತು:

ಲೊಚ್ ಲೊಚ್ ಲೊಚ್!

ನೀತಿ ಇಷ್ಟೇ ಮಕ್ಕಳೇ. ಹೊರಗಿನ ಮಳೆ ತಡೆದರೆ ಸಾಲದು, ಒಳಗಿನ ತೇವ ಹೊರಹೋಗಲು ಗೋಡೆಗೆ ದಾರಿ ಬಿಡಬೇಕು. ಒಳಗಿನ ನೋವು ಹೊರಬರಲು ಜನರಿಗೂ ದಾರಿ ಬಿಡಬೇಕು. ಎರಡನ್ನೂ ಮುಚ್ಚಿ ಮೇಲೆ ಹೊಳಪು ಬಳಿದವನ ಮನೆ ಒಳಗಿನಿಂದಲೇ ಕುಸಿಯುತ್ತದೆ.