ಲಿಯಾನ್ ಸಂತೆಯ ಈಳಿಗೆಮಣೆ

ಫ್ರಾನ್ಸಿನ ಲಿಯಾನ್‌ನಲ್ಲಿದ್ದ ಮಗಳ ಬಾಣಂತನಕ್ಕೆ ಹೊರಟ ಇತಿಹಾಸದ ಪ್ರೊಫೆಸರ್ ವರದರಾಜಯ್ಯ, ಅಡುಗೆಯ ಪುಟ್ಟಗೌರಮ್ಮನನ್ನೂ ಕರೆದೊಯ್ದಿದ್ದರು. ಒಂದು ಭಾನುವಾರ ಇಬ್ಬರೂ ತರಕಾರಿ ಕೊಂಡು ಬರುತ್ತಾ ಹಳೇ ಸಾಮಾನಿನ ದೊಡ್ಡ ಸಂತೆಯೊಳಗೆ ಹೊಕ್ಕರು.

ಅಲ್ಲೊಂದು ಅಂಗಡಿಯಲ್ಲಿ, ಕೆಂಪು ಮಖಮಲ್ಲಿನ ಮೇಲೆ, ನಮ್ಮ ಕಡೆಯ ಈಳಿಗೆಮಣೆ ಕೂತಿತ್ತು! ಫ್ರೆಂಚ್ ಬಲ್ಲ ಪ್ರೊಫೆಸರರು ಚೀಟಿ ಓದಿ ಹೇಳಿದರು: "ಭಾರತದಲ್ಲಿ ಕಳ್ಳರಿಗೆ ಹಿಂಸೆ ಕೊಡುತ್ತಿದ್ದ ಸಾಧನ."

"ಅಯ್ಯೋ, ಇದು ಕಾಯಿ ತುರಿಯೋ, ತರಕಾರಿ ಹೆಚ್ಚೋ ಮಣೆ ಸ್ವಾಮಿ!"

"ನಿನಗೇನು ಗೊತ್ತು?" ಪ್ರೊಫೆಸರರು ದುಡ್ಡು ಎಣಿಸಿ ಕೊಟ್ಟರು. "ಅಂಗಡಿಯವನು ಮೂವತ್ತು ವರ್ಷದಿಂದ ಇದೇ ಕಸುಬಿನಲ್ಲಿದ್ದಾನೆ. ನಾನು ಕೊಂಡಾಯ್ತು. ಚೀಟಿ ಸಮೇತ ಹಾಲ್‌ನಲ್ಲಿಡಬೇಕು. ಬಾಯಿ ಮುಚ್ಚಿಕೊಂಡು ಹೊತ್ಕೊ."

ಪುಟ್ಟಗೌರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮಣೆಯನ್ನು ನೆಲಕ್ಕಿಳಿಸಿ, ಸೆರಗು ಸಿಕ್ಕಿಸಿ, ಅದರ ಮೇಲೆ ಕೂತೇಬಿಟ್ಟಳು. ಚೀಲದಿಂದ ಸೌತೆಕಾಯಿ ತೆಗೆದು ಚಕಚಕನೆ ಹೆಚ್ಚಿ, ಅಂಗಡಿಯವನ ಕೈಗೇ ಹೋಳು ಕೊಟ್ಟಳು. ಸುತ್ತಲಿನವರು ಚಪ್ಪಾಳೆ ತಟ್ಟಿದರು. ಅಂಗಡಿಯವನು ಹೋಳು ಅಗಿಯುತ್ತಾ ಅವಳ ಬೆರಳುಗಳನ್ನೇ ನೋಡಿದ. ಹತ್ತೂ ಇದ್ದವು.

ಪ್ರೊಫೆಸರರ ಮುಖ ಸಣ್ಣದಾಯಿತು. "ಆಯ್ತು, ಚೀಟಿ ಸುಳ್ಳು. ಹರಿದು ಬಿಸಾಕು."

"ಯಾಕೆ ಹರೀಬೇಕು? ಮೊನ್ನೆ ಮಗುವಿನ ನಾಮಕರಣಕ್ಕೆ ನಲವತ್ತು ಜನದ ಅಡುಗೆಗೆ ಊರಿಂದ ತಂದ ಇಂಥದ್ದೇ ಮಣೆ ಮೇಲೆ ನಾನೊಬ್ಬಳೇ ಕೂತು ಹೆಚ್ಚಿದೆ. ನಿಂದು ಊಟ ಆಯ್ತಾ ಅಂತ ಒಬ್ಬರಾದರೂ ಕೇಳಿದಿರಾ? ಹಿಂಸೆ ಅಂತ ಬರೆದಿರೋದು ಸರಿಯಾಗೇ ಇದೆ. ಕಳ್ಳರಿಗೆ ಅನ್ನೋದನ್ನ ಮಾತ್ರ ಹೊಡೆದುಹಾಕಿ, ಅಡುಗೆಯವಳಿಗೆ ಅಂತ ಬರೆಸಿ."

ಆವತ್ತು ಮಣೆಯನ್ನು ಮನೆಯವರೆಗೆ ಹೊತ್ತದ್ದು ಪ್ರೊಫೆಸರರೇ.